ಎಕ್ಸೆಲ್ ಕೋಷ್ಟಕವನ್ನು ವರ್ಡ್ ದಾಖಲೆಗೆ ತರುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಲೆಕ್ಕದ ಹಾಳೆಯಲ್ಲಿ ಸಿದ್ಧವಾದ ಕೋಷ್ಟಕವನ್ನು ವರದಿಗೋ ಪ್ರಬಂಧಕ್ಕೋ ಸೇರಿಸುವುದು ಮೇಲ್ನೋಟಕ್ಕೆ ಕಾಪಿ ಮತ್ತು ಪೇಸ್ಟ್ ಎಂಬ ಎರಡು ಹೆಜ್ಜೆಗಳ ಕೆಲಸ. ಆದರೆ ಅಂಟಿಸಿದ ಕೋಷ್ಟಕ ಪುಟದ ಅಂಚನ್ನು ದಾಟಿ ಹೋಗುತ್ತದೆ, ಗೆರೆಗಳು ಮಾಯವಾಗುತ್ತವೆ, ಮರೆಮಾಡಿದ್ದ ಸಾಲುಗಳು ಕಾಣಿಸಿಕೊಳ್ಳುತ್ತವೆ, ಹಾಳೆಯಲ್ಲಿ ತಿದ್ದಿದ ಅಂಕಿ ವರದಿಯಲ್ಲಿ ಹಳೆಯದಾಗಿಯೇ ಉಳಿಯುತ್ತದೆ. ಇವುಗಳಲ್ಲಿ ಹೆಚ್ಚಿನವು ಅಂಟಿಸುವ ಮೊದಲೇ ತೀರ್ಮಾನಿಸಬೇಕಾದದ್ದನ್ನು ಅಂಟಿಸಿದ ಮೇಲೆ ಯೋಚಿಸುವುದರಿಂದ ಹುಟ್ಟುವ ತೊಂದರೆಗಳು. ಕೆಳಗಿನ ಉತ್ತರಗಳು ಮುಖ್ಯವಾಗಿ ವಿಂಡೋಸ್‌ನಲ್ಲಿ ಬಳಸುವ ಎಕ್ಸೆಲ್ ಮತ್ತು ವರ್ಡ್‌ಗೆ ಸಂಬಂಧಿಸಿದವು. ಲಿಬ್ರೆಆಫೀಸ್ ಮತ್ತು ಗೂಗಲ್ ಡಾಕ್ಸ್ ಬಳಸುವವರಿಗಾಗಿ ಕೊನೆಯ ಭಾಗದಲ್ಲಿ ಪ್ರತ್ಯೇಕ ಉತ್ತರವಿದೆ.

ಸೆಲ್‌ಗಳನ್ನು ಕಾಪಿ ಮಾಡಿದಾಗ ನಿಜವಾಗಿ ಏನು ನಡೆಯುತ್ತದೆ?

ಎಕ್ಸೆಲ್‌ನಲ್ಲಿ ಸೆಲ್‌ಗಳನ್ನು ಆಯ್ದು ಕಂಟ್ರೋಲ್ ಮತ್ತು ಸಿ ಒತ್ತಿದಾಗ ಕ್ಲಿಪ್‌ಬೋರ್ಡ್ ಎಂಬ ತಾತ್ಕಾಲಿಕ ಸಂಗ್ರಹಕ್ಕೆ ಒಂದೇ ಪ್ರತಿ ಹೋಗುವುದಿಲ್ಲ. ಅದೇ ಕೋಷ್ಟಕವು ಬರಿಯ ಪಠ್ಯವಾಗಿ, ವೆಬ್ ಪುಟಗಳ ರೂಪವಾದ ಎಚ್‌ಟಿಎಂಎಲ್ ಆಗಿ, ಆರ್‌ಟಿಎಫ್ ಎಂಬ ವಿನ್ಯಾಸಸಹಿತ ಪಠ್ಯವಾಗಿ, ಚಿತ್ರವಾಗಿ, ಹಾಗೂ ಎಕ್ಸೆಲ್ ವರ್ಕ್‌ಬುಕ್‌ನ (ಹಾಳೆಗಳೆಲ್ಲ ಇರುವ ಫೈಲ್‌ನ) ವಸ್ತುವಾಗಿ, ಅಂದರೆ ಬೇರೆ ದಾಖಲೆಯೊಳಗೂ ಎಕ್ಸೆಲ್ ಆಗಿಯೇ ತೆರೆದುಕೊಳ್ಳುವ ಆಬ್ಜೆಕ್ಟ್ ಆಗಿ, ಹೀಗೆ ಹಲವು ರೂಪಗಳಲ್ಲಿ ಅಲ್ಲಿ ಲಭ್ಯವಾಗುತ್ತದೆ. ಅಂಟಿಸುವ ಹೊತ್ತಿಗೆ ಇವುಗಳಲ್ಲಿ ಯಾವುದನ್ನು ತೆಗೆದುಕೊಳ್ಳಬೇಕೆಂದು ತೀರ್ಮಾನಿಸುವುದು ಅಂಟಿಸಿಕೊಳ್ಳುವ ತಂತ್ರಾಂಶ. ಒಂದೇ ಕೋಷ್ಟಕ ವರ್ಡ್‌ನಲ್ಲಿ ಒಂದು ಬಗೆಯಾಗಿ, ಇಮೇಲ್‌ನಲ್ಲಿ ಇನ್ನೊಂದು ಬಗೆಯಾಗಿ, ನೋಟ್‌ಪ್ಯಾಡ್‌ನಲ್ಲಿ ಕೇವಲ ಟ್ಯಾಬ್‌ಗಳಿಂದ ಬೇರ್ಪಟ್ಟ ಪದಗಳಾಗಿ ಬರುವುದು ಈ ಕಾರಣಕ್ಕೆ. ಆ ತೀರ್ಮಾನವನ್ನು ತಂತ್ರಾಂಶಕ್ಕೆ ಬಿಡದೆ ನಾವೇ ಮಾಡುವುದಕ್ಕೆಂದು ಪೇಸ್ಟ್ ಸ್ಪೆಷಲ್ ಎಂಬ ಆಯ್ಕೆ ಇದೆ. ವರ್ಡ್‌ನಲ್ಲಿ ಅದು ಕಂಟ್ರೋಲ್, ಆಲ್ಟ್ ಮತ್ತು ವಿ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ತೆರೆದುಕೊಳ್ಳುತ್ತದೆ.

ಹಾಗಾದರೆ ಅಂಟಿಸುವ ಮೊದಲು ಏನನ್ನು ತೀರ್ಮಾನಿಸಬೇಕು?

ದಾಖಲೆಯಲ್ಲಿರುವ ಕೋಷ್ಟಕವು ಒಂದು ನಿರ್ದಿಷ್ಟ ದಿನದ ಅಂಕಿಅಂಶವನ್ನು ಸ್ಥಿರವಾಗಿ ಹೇಳಬೇಕೋ, ಅಥವಾ ಮೂಲ ಹಾಳೆ ಬದಲಾದಂತೆ ತಾನೂ ಬದಲಾಗಬೇಕೋ ಎಂಬುದೇ ಮೊದಲ ಪ್ರಶ್ನೆ. ಸಹಿಯಾಗಿ ಹೊರಹೋಗುವ ಪತ್ರ, ಅಂತಿಮ ವರದಿ, ಸಲ್ಲಿಸುವ ಪ್ರಬಂಧ ಇವುಗಳಲ್ಲಿ ಕೋಷ್ಟಕ ಸ್ಥಿರವಾಗಿರಬೇಕು. ಅಲ್ಲಿ ಸಾಮಾನ್ಯ ಕೋಷ್ಟಕವಾಗಿ ಅಂಟಿಸುವುದೇ ಸರಿ. ಪ್ರತಿ ವಾರವೂ ಅದೇ ನಮೂನೆಯಲ್ಲಿ ತಯಾರಾಗುವ ವರದಿಯಲ್ಲಿ, ಅಥವಾ ಲೆಕ್ಕ ಇನ್ನೂ ತಿದ್ದುಪಡಿಯಾಗುತ್ತಿರುವ ಕರಡಿನಲ್ಲಿ ಲಿಂಕ್ ಮಾಡಿ ಅಂಟಿಸುವುದು ಲೇಸು. ಎರಡನೆಯ ಪ್ರಶ್ನೆ, ಓದುಗರು ಆ ಅಂಕಿಗಳನ್ನು ತಿದ್ದಬೇಕೇ, ಬರಿದೆ ನೋಡಿದರೆ ಸಾಕೇ ಎಂಬುದು. ಈ ಎರಡಕ್ಕೆ ಉತ್ತರ ಸಿಕ್ಕಿದರೆ ಯಾವ ಬಗೆಯಲ್ಲಿ ಅಂಟಿಸಬೇಕೆಂಬುದು ತಾನಾಗಿ ಇತ್ಯರ್ಥವಾಗುತ್ತದೆ.

ಪೇಸ್ಟ್ ಆಯ್ಕೆಗಳ ಚಿಕ್ಕ ಚಿತ್ರಗಳಿಗೆ ಏನರ್ಥ?

ಕೀಪ್ ಸೋರ್ಸ್ ಫಾರ್ಮ್ಯಾಟಿಂಗ್ ಎಂದರೆ ಎಕ್ಸೆಲ್‌ನ ಅಕ್ಷರ, ಬಣ್ಣ, ಗೆರೆಗಳೊಂದಿಗೇ ಕೋಷ್ಟಕ ಬರುತ್ತದೆ. ಯೂಸ್ ಡೆಸ್ಟಿನೇಶನ್ ಸ್ಟೈಲ್ಸ್ ಎಂದರೆ ಅಂಕಿಗಳು ಎಕ್ಸೆಲ್‌ನವು, ವೇಷ ವರ್ಡ್ ದಾಖಲೆಯದು. ಇವೆರಡರ ಮುಂದೆ ಲಿಂಕ್ ಎಂಬ ಪದ ಸೇರಿದ ಇನ್ನೆರಡು ಆಯ್ಕೆಗಳು ಮೂಲ ಹಾಳೆಯೊಂದಿಗೆ ಸಂಪರ್ಕವನ್ನು ಉಳಿಸಿಕೊಳ್ಳುತ್ತವೆ. ಪಿಕ್ಚರ್ ಎಂಬುದು ಕೋಷ್ಟಕದ ಚಿತ್ರವನ್ನು ಮಾತ್ರ ಕೊಡುತ್ತದೆ. ಕೀಪ್ ಟೆಕ್ಸ್ಟ್ ಓನ್ಲಿ ಎಂಬುದು ಕೋಷ್ಟಕದ ಚೌಕಟ್ಟನ್ನೇ ಬಿಟ್ಟು, ಟ್ಯಾಬ್‌ಗಳಿಂದ ಬೇರ್ಪಟ್ಟ ಪಠ್ಯವನ್ನು ಕೊಡುತ್ತದೆ. ಬೇಕಾದರೆ ಅದನ್ನು ಆಮೇಲೆ ಇನ್ಸರ್ಟ್ ವಿಭಾಗದ ಟೇಬಲ್ ಪಟ್ಟಿಯಲ್ಲಿರುವ ಕನ್ವರ್ಟ್ ಟೆಕ್ಸ್ಟ್ ಟು ಟೇಬಲ್ ಮೂಲಕ ಮತ್ತೆ ಕೋಷ್ಟಕವಾಗಿಸಬಹುದು. ಹಲವು ಜನರ ಕೈದಾಟಿ ಬಂದು, ಬಣ್ಣಬಣ್ಣದ ವಿನ್ಯಾಸಗಳಿಂದ ಕಲಸಿಹೋಗಿರುವ ಹಾಳೆಯಿಂದ ಸ್ವಚ್ಛವಾದ ಕೋಷ್ಟಕ ಪಡೆಯುವುದಕ್ಕೆ ಈ ಸುತ್ತುದಾರಿಯೇ ಬೇಗನೆ ಮುಟ್ಟಿಸುತ್ತದೆ ಎಂಬುದು ನನ್ನ ಅನುಭವ.

ಕೋಷ್ಟಕವು ಪುಟದ ಬಲ ಅಂಚಿನಿಂದ ಹೊರಗೆ ಹೋಗಿ, ಕೊನೆಯ ಕಾಲಮ್‌ಗಳು ಕಾಣುತ್ತಲೇ ಇಲ್ಲ. ಏನು ಮಾಡಬೇಕು?

ಎಕ್ಸೆಲ್ ಹಾಳೆಗೆ ಪುಟದ ಅಗಲವೆಂಬ ಮಿತಿ ಇಲ್ಲ. ಅದರಲ್ಲಿ 16,384 ಕಾಲಮ್‌ಗಳಿವೆ. ವರ್ಡ್ ಕೋಷ್ಟಕದಲ್ಲಿ ಹೆಚ್ಚೆಂದರೆ 63 ಕಾಲಮ್‌ಗಳು, ಅವೂ ಕಾಗದದ ಅಗಲಕ್ಕೆ ಒಗ್ಗಬೇಕು. ಒಂದು ಸರಳ ಲೆಕ್ಕ ನೋಡಬಹುದು. ಎ4 ಹಾಳೆಯ ಅಗಲ 21 ಸೆಂಟಿಮೀಟರ್; ಎರಡೂ ಬದಿಗೆ 2.54 ಸೆಂಟಿಮೀಟರ್ ಅಂಚು ಬಿಟ್ಟರೆ ಬರೆಯಲು ಉಳಿಯುವುದು 15.92 ಸೆಂಟಿಮೀಟರ್. ಎಕ್ಸೆಲ್‌ನ ಸಾಮಾನ್ಯ ಕಾಲಮ್ ಅಗಲ 64 ಪಿಕ್ಸೆಲ್, ಅಂದರೆ ಸುಮಾರು 1.7 ಸೆಂಟಿಮೀಟರ್. ಹೀಗಾಗಿ ಅಗಲವನ್ನು ಬದಲಿಸದ ಒಂಬತ್ತು ಕಾಲಮ್‌ಗಳು ನಿಂತ ಪುಟದಲ್ಲಿ ಹಿಡಿಸುತ್ತವೆ, ಹತ್ತನೆಯದು ಅಂಚನ್ನು ದಾಟುತ್ತದೆ. ಪುಟವನ್ನು ಅಡ್ಡಲಾಗಿ ತಿರುಗಿಸಿದರೆ ಹದಿನಾಲ್ಕು ಹಿಡಿಸುತ್ತವೆ.

ಕೋಷ್ಟಕ ಸ್ವಲ್ಪವೇ ಹೊರಗೆ ಹೋಗಿದ್ದರೆ ಅದರೊಳಗೆ ಎಲ್ಲಾದರೂ ಕರ್ಸರ್ ಇಟ್ಟು, ಟೇಬಲ್‌ನ ಲೇಔಟ್ ವಿಭಾಗದಲ್ಲಿ ಆಟೋಫಿಟ್ ಪಟ್ಟಿಯಿಂದ ಆಟೋಫಿಟ್ ವಿಂಡೋ ಎಂಬುದನ್ನು ಆರಿಸಬೇಕು. ಕಾಣದ ಕಾಲಮ್‌ಗಳು ಅಳಿಸಿಹೋಗಿರುವುದಿಲ್ಲ, ಕಾಗದದ ಆಚೆ ಇರುತ್ತವೆ ಅಷ್ಟೆ. ವ್ಯೂ ವಿಭಾಗದಲ್ಲಿ ಡ್ರಾಫ್ಟ್ ಅಥವಾ ವೆಬ್ ಲೇಔಟ್‌ಗೆ ಹೋದರೆ ಅವು ಕೈಗೆ ಸಿಗುತ್ತವೆ. ಆಟೋಫಿಟ್ ಮಾಡಿದ ಮೇಲೆ ಸಂಖ್ಯೆಗಳು ನಡುವೆ ಒಡೆದು ಎರಡು ಸಾಲಾಗುತ್ತಿದ್ದರೆ ಕೋಷ್ಟಕಕ್ಕೆ ಇನ್ನೂ ಅಗಲ ಬೇಕೆಂದು ತಿಳಿಯಬೇಕು. ಆಗ ಅಕ್ಷರದ ಗಾತ್ರವನ್ನು ಓದಲಾಗದಷ್ಟು ಕುಗ್ಗಿಸುವುದಕ್ಕಿಂತ, ಕೋಷ್ಟಕದ ಹಿಂದೆ ಮತ್ತು ಮುಂದೆ ದಾಖಲೆಯನ್ನು ಬೇರೆ ಬೇರೆ ಪುಟವಿನ್ಯಾಸದ ಭಾಗಗಳಾಗಿ ಒಡೆಯುವ ಸೆಕ್ಷನ್ ಬ್ರೇಕ್ ಅನ್ನು (ನೆಕ್ಸ್ಟ್ ಪೇಜ್ ಬಗೆಯದು) ಹಾಕಿ, ಆ ಭಾಗದ ಪುಟವನ್ನು ಮಾತ್ರ ಅಡ್ಡಲಾಗಿ (ಲ್ಯಾಂಡ್‌ಸ್ಕೇಪ್) ಮಾಡುವುದು ಒಳ್ಳೆಯದು. ಅದಕ್ಕೂ ಮೊದಲು, ಓದುಗರಿಗೆ ಆ ಎಲ್ಲ ಕಾಲಮ್‌ಗಳೂ ಬೇಕೇ ಎಂದು ಕೇಳಿಕೊಳ್ಳಬೇಕು. ಲೆಕ್ಕ ಮಾಡಲು ನಮಗೆ ಬೇಕಾಗಿದ್ದ ನಡುವಿನ ಕಾಲಮ್‌ಗಳು ಓದುವವರಿಗೆ ಬಹುಪಾಲು ಬೇಕಾಗಿರುವುದಿಲ್ಲ.

ಕೋಷ್ಟಕ ಹಲವು ಪುಟಗಳಷ್ಟು ಉದ್ದವಿದೆ. ಶೀರ್ಷಿಕೆಯ ಸಾಲು ಪ್ರತಿ ಪುಟದಲ್ಲೂ ಬರುವಂತೆ ಮಾಡುವುದು ಹೇಗೆ?

ಮೊದಲ ಸಾಲನ್ನು ಆಯ್ದು, ಟೇಬಲ್ ಲೇಔಟ್ ವಿಭಾಗದಲ್ಲಿ ರಿಪೀಟ್ ಹೆಡರ್ ರೋಸ್ ಒತ್ತಬೇಕು. ಒಂದೇ ಸಾಲು ಅರ್ಧ ಈ ಪುಟದಲ್ಲಿ, ಅರ್ಧ ಮುಂದಿನ ಪುಟದಲ್ಲಿ ಒಡೆಯದಿರಲು ಟೇಬಲ್ ಪ್ರಾಪರ್ಟೀಸ್‌ನ ರೋ ಭಾಗದಲ್ಲಿ, ಸಾಲು ಪುಟಗಳ ನಡುವೆ ಒಡೆಯಲು ಅನುಮತಿಸುವ ಗುರುತನ್ನು ತೆಗೆಯಬೇಕು. ವಸ್ತುವಾಗಿ ಅಥವಾ ಚಿತ್ರವಾಗಿ ಅಂಟಿಸಿದ ಕೋಷ್ಟಕ ಪುಟಗಳ ನಡುವೆ ಒಡೆಯಲಾರದು. ಪುಟಕ್ಕಿಂತ ಉದ್ದವಿರುವ ಕೋಷ್ಟಕವನ್ನು ಸಾಮಾನ್ಯ ಕೋಷ್ಟಕವಾಗಿಯೇ ಅಂಟಿಸಬೇಕು.

ಅಂಟಿಸಿದ ಮೇಲೆ ಸಾಲುಗಳು ಎಕ್ಸೆಲ್‌ನಲ್ಲಿದ್ದದ್ದಕ್ಕಿಂತ ಎತ್ತರವಾಗುತ್ತವೆ. ಏಕೆ?

ವರ್ಡ್‌ನ ನಾರ್ಮಲ್ ಶೈಲಿಯಲ್ಲಿ ಪ್ರತಿ ಪ್ಯಾರಾದ ಕೆಳಗೆ ಖಾಲಿ ಜಾಗ ಬಿಡುವ ಏರ್ಪಾಡಿದೆ. 2013ರ ಆವೃತ್ತಿಯಲ್ಲಿ ಅದು 8 ಪಾಯಿಂಟ್. ಪಠ್ಯಕ್ಕೆ ಹಿತವಾದ ಈ ಜಾಗ ಪ್ರತಿಯೊಂದು ಸೆಲ್‌ನೊಳಗೂ ಸೇರಿಕೊಂಡು ಕೋಷ್ಟಕವನ್ನು ಉಬ್ಬಿಸುತ್ತದೆ. ಇಡೀ ಕೋಷ್ಟಕವನ್ನು ಆಯ್ದು, ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ಹಿಂದಿನ ಮತ್ತು ಮುಂದಿನ ಜಾಗವನ್ನು ಸೊನ್ನೆ ಮಾಡಿ, ಸಾಲಿನ ಅಂತರವನ್ನು ಸಿಂಗಲ್‌ಗೆ ಇಟ್ಟರೆ ಸಾಕು. ಒಂದೇ ದಾಖಲೆಯಲ್ಲಿ ಹತ್ತಾರು ಕೋಷ್ಟಕಗಳಿದ್ದರೆ ಕೋಷ್ಟಕದ ಪಠ್ಯಕ್ಕೆಂದೇ ಒಂದು ಶೈಲಿ ಮಾಡಿಟ್ಟುಕೊಳ್ಳುವುದರಿಂದ ಇದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ತಪ್ಪುತ್ತದೆ.

ಎಕ್ಸೆಲ್‌ನಲ್ಲಿ ಕಾಣುತ್ತಿದ್ದ ಗೆರೆಗಳು ವರ್ಡ್‌ನಲ್ಲಿ ಇಲ್ಲ.

ಎಕ್ಸೆಲ್‌ನ ತೆಳು ಬೂದುಗೆರೆಗಳು ಕೆಲಸದ ಅನುಕೂಲಕ್ಕೆ ಪರದೆಯ ಮೇಲೆ ತೋರಿಸುವ ಗ್ರಿಡ್‌ಲೈನ್‌ಗಳು. ಅವು ಕೋಷ್ಟಕದ ಭಾಗವಲ್ಲ. ಕಾಪಿ ಮಾಡುವ ಮೊದಲೇ ಬಾರ್ಡರ್ ಹಾಕಬೇಕು, ಇಲ್ಲವೇ ವರ್ಡ್‌ನಲ್ಲಿ ಒಂದು ಟೇಬಲ್ ಶೈಲಿಯನ್ನು ಆರಿಸಬೇಕು.

ಮರೆಮಾಡಿದ್ದ ಸಾಲುಗಳು ಅಂಟಿಸಿದಾಗ ಏಕೆ ಬರುತ್ತವೆ?

ಫಿಲ್ಟರ್ ಮಾಡಿದ ಪಟ್ಟಿಯನ್ನು ಕಾಪಿ ಮಾಡಿದರೆ ಕಾಣುವ ಸಾಲುಗಳು ಮಾತ್ರ ಹೋಗುತ್ತವೆ. ಆದರೆ ಹೈಡ್ ಆಯ್ಕೆಯಿಂದ ನಾವೇ ಮರೆಮಾಡಿದ ಸಾಲು ಮತ್ತು ಕಾಲಮ್‌ಗಳು ಆಯ್ಕೆಯೊಳಗೆ ಸೇರಿಯೇ ಇರುತ್ತವೆ. ಈ ವ್ಯತ್ಯಾಸ ತಿಳಿಯದೆ ತೊಂದರೆಗೆ ಸಿಕ್ಕಿಕೊಳ್ಳುವವರು ಬಹಳ. ಕೋಷ್ಟಕವನ್ನು ಆಯ್ದ ಮೇಲೆ ಆಲ್ಟ್ ಕೀಲಿಯೊಂದಿಗೆ ಅರ್ಧವಿರಾಮದ ಕೀಲಿಯನ್ನು ಒತ್ತಿದರೆ ಕಾಣುವ ಸೆಲ್‌ಗಳು ಮಾತ್ರ ಆಯ್ಕೆಯಾಗುತ್ತವೆ. ಆಮೇಲೆ ಕಾಪಿ ಮಾಡಬೇಕು. ಮರೆಮಾಡಿದ ಕಾಲಮ್‌ನಲ್ಲಿ ಯಾರದಾದರೂ ಖಾಸಗಿ ಮಾಹಿತಿ ಇದ್ದರಂತೂ ಈ ಹೆಜ್ಜೆಯನ್ನು ಬಿಡಲೇಬಾರದು.

ಸಂಖ್ಯೆಗಳ ಜಾಗದಲ್ಲಿ ಹ್ಯಾಶ್ ಗುರುತುಗಳು ಬಂದಿವೆ. ಇನ್ನು ಕೆಲವು ಕಡೆ ಮೊತ್ತ ತಾಳೆಯಾಗುತ್ತಿಲ್ಲ.

ಎರಡಕ್ಕೂ ಕಾರಣ ಒಂದೇ. ಕೋಷ್ಟಕವಾಗಿ ಅಂಟಿಸಿದಾಗ ವರ್ಡ್‌ಗೆ ಬರುವುದು ಸೆಲ್‌ನೊಳಗಿನ ನಿಜವಾದ ಬೆಲೆಯಲ್ಲ, ಪರದೆಯ ಮೇಲೆ ಕಾಣುತ್ತಿರುವ ರೂಪ. ಕಾಲಮ್ ಇಕ್ಕಟ್ಟಾಗಿ ಸಂಖ್ಯೆಯ ಬದಲು ಹ್ಯಾಶ್ ಗುರುತುಗಳು ಕಾಣುತ್ತಿದ್ದರೆ ಅವೇ ಬರಬಹುದು. ಕಾಪಿ ಮಾಡುವ ಮೊದಲು ಕಾಲಮ್‌ನ ಅಂಚಿನ ಮೇಲೆ ಎರಡು ಬಾರಿ ಕ್ಲಿಕ್ ಮಾಡಿ ಅಗಲಿಸಬೇಕು.

ಮೊತ್ತದ ವಿಷಯ ಇದಕ್ಕಿಂತ ಸೂಕ್ಷ್ಮವಾದದ್ದು. ಮೂರು ಸೆಲ್‌ಗಳಲ್ಲಿ ತಲಾ 33.4 ಇದೆ, ದಶಮಾಂಶ ಕಾಣದಂತೆ ಫಾರ್ಮ್ಯಾಟ್ ಮಾಡಲಾಗಿದೆ ಎಂದುಕೊಳ್ಳೋಣ. ಕಾಣುವುದು 33, 33, 33, ಮೊತ್ತ 100.2 ಆದ್ದರಿಂದ ಅದು 100 ಎಂದು ಕಾಣುತ್ತದೆ. ಎಕ್ಸೆಲ್‌ನಲ್ಲಿ ಸೆಲ್ ಮೇಲೆ ಕ್ಲಿಕ್ ಮಾಡಿದರೆ ನಿಜಸಂಗತಿ ತಿಳಿಯುತ್ತದೆ, ಆದರೆ ಮುದ್ರಿತ ಪುಟದಲ್ಲಿ ಕೂಡಿ ನೋಡುವ ಓದುಗರಿಗೆ 99 ಸಿಗುತ್ತದೆ, ಇಡೀ ವರದಿಯ ಮೇಲೆಯೇ ಅವರಿಗೆ ಅನುಮಾನ ಹುಟ್ಟುತ್ತದೆ. ಇಂಥ ಕಡೆ ಒಂದು ದಶಮಾಂಶವನ್ನು ತೋರಿಸಬೇಕು, ಅಥವಾ ಪೂರ್ಣಾಂಕಕ್ಕೆ ಸರಿಹೊಂದಿಸಿದ್ದರಿಂದ ಮೊತ್ತದಲ್ಲಿ ಅಲ್ಪ ವ್ಯತ್ಯಾಸ ಕಾಣಬಹುದು ಎಂದು ಕೋಷ್ಟಕದ ಕೆಳಗೆ ಬರೆಯಬೇಕು.

ಸೂತ್ರಗಳು ವರ್ಡ್‌ನಲ್ಲಿ ಕೆಲಸ ಮಾಡುತ್ತವೆಯೇ?

ಇಲ್ಲ, ಬರುವುದು ಉತ್ತರಗಳು ಮಾತ್ರ. ವರ್ಡ್ ಕೋಷ್ಟಕದಲ್ಲೂ ಕೂಡುವ ಸೂತ್ರ ಹಾಕಲು ಅವಕಾಶವಿದೆ, ಆದರೆ ಸಂಖ್ಯೆ ತಿದ್ದಿದೊಡನೆ ಅದು ತಾನಾಗಿ ಬದಲಾಗುವುದಿಲ್ಲ. ಆಯ್ದು ಎಫ್9 ಒತ್ತಬೇಕು. ಲೆಕ್ಕವನ್ನು ಎಕ್ಸೆಲ್‌ನಲ್ಲಿಯೇ ಮುಗಿಸುವುದು ಕ್ಷೇಮ. ಬಣ್ಣಗಳ ಬಗ್ಗೆಯೂ ಒಂದು ಮಾತು: ಬೆಲೆಗೆ ತಕ್ಕಂತೆ ಬಣ್ಣ ಬದಲಿಸುವ ಕಂಡಿಷನಲ್ ಫಾರ್ಮ್ಯಾಟಿಂಗ್‌ನಿಂದ ಬಂದ ಸೆಲ್‌ನ ಬಣ್ಣ ವರ್ಡ್‌ಗೆ ಬಂದರೂ ಅದರ ಹಿಂದಿನ ನಿಯಮ ಬರುವುದಿಲ್ಲ, ಆದ್ದರಿಂದ ಸಂಖ್ಯೆ ತಿದ್ದಿದರೆ ಬಣ್ಣ ಹಳೆಯದೇ ಇರುತ್ತದೆ.

ಹಾಳೆಯಲ್ಲಿ ತಿದ್ದಿದರೆ ದಾಖಲೆಯಲ್ಲೂ ಬದಲಾಗುವಂತೆ ಲಿಂಕ್ ಮಾಡುವುದು ಹೇಗೆ?

ಎಕ್ಸೆಲ್ ಫೈಲನ್ನು ಮೊದಲು ಅದರ ಕಾಯಂ ಜಾಗದಲ್ಲಿ ಸೇವ್ ಮಾಡಬೇಕು. ಈ ಕ್ರಮ ತಪ್ಪಿದರೆ ಮುಂದಿನದೆಲ್ಲ ತಪ್ಪುತ್ತದೆ. ಬಳಿಕ ಸೆಲ್‌ಗಳನ್ನು ಕಾಪಿ ಮಾಡಿ, ವರ್ಡ್‌ನಲ್ಲಿ ಲಿಂಕ್ ಇರುವ ಪೇಸ್ಟ್ ಆಯ್ಕೆಯನ್ನು ಬಳಸಬೇಕು, ಅಥವಾ ಪೇಸ್ಟ್ ಸ್ಪೆಷಲ್‌ನಲ್ಲಿ ಪೇಸ್ಟ್ ಲಿಂಕ್ ಎಂಬುದನ್ನು ಗುರುತಿಸಿ ರೂಪವನ್ನು ಆರಿಸಬೇಕು. ದಾಖಲೆಯನ್ನು ಮುಂದೆ ತೆರೆದಾಗ, ಇದರಲ್ಲಿ ಬೇರೆ ಫೈಲ್‌ಗಳ ಲಿಂಕ್‌ಗಳಿವೆ, ಹೊಸ ಮಾಹಿತಿ ತರಬೇಕೇ ಎಂದು ವರ್ಡ್ ಕೇಳುತ್ತದೆ. ನಡುವೆ ಯಾವಾಗಲಾದರೂ ಕೋಷ್ಟಕದ ಮೇಲೆ ಎಫ್9 ಒತ್ತಿ ಹೊಸದನ್ನು ತರಿಸಿಕೊಳ್ಳಬಹುದು.

ಲಿಂಕ್ ಎಂಬುದು ವರ್ಡ್‌ನ ಒಳಗೆ ಒಂದು ಫೀಲ್ಡ್, ಅಂದರೆ ಫಲಿತಾಂಶವನ್ನು ತೋರಿಸುವ ಒಂದು ಮರೆಯ ಸೂಚನೆ. ಆಲ್ಟ್ ಮತ್ತು ಎಫ್9 ಒತ್ತಿದರೆ ಅದರ ಒಳರೂಪ ಕಾಣುತ್ತದೆ. ಅದರಲ್ಲಿ ಎಕ್ಸೆಲ್ ಫೈಲ್‌ನ ಪೂರ್ಣ ವಿಳಾಸ, ಹಾಳೆಯ ಹೆಸರು, ಮತ್ತು ಎಷ್ಟನೆಯ ಸಾಲು ಕಾಲಮ್‌ನಿಂದ ಎಷ್ಟನೆಯದರವರೆಗೆ ಎಂಬ ಉಲ್ಲೇಖ ಇರುತ್ತದೆ. ಇದನ್ನು ಒಮ್ಮೆ ಕಣ್ಣಾರೆ ನೋಡಿದರೆ ಲಿಂಕ್‌ನ ಎರಡು ದೊಡ್ಡ ತೊಂದರೆಗಳೂ ಅರ್ಥವಾಗುತ್ತವೆ. ಪೂರ್ಣ ವಿಳಾಸ ಬರೆದಿರುವುದರಿಂದ ಫೈಲ್‌ನ ಹೆಸರನ್ನೋ ಫೋಲ್ಡರನ್ನೋ ಬದಲಿಸಿದರೆ ಸಂಪರ್ಕ ಕಡಿಯುತ್ತದೆ. ಸಾಲುಗಳ ಸಂಖ್ಯೆಯನ್ನು ಬರೆದಿರುವುದರಿಂದ, ಹಾಳೆಯಲ್ಲಿ ಕೋಷ್ಟಕದ ಮೇಲೆ ಐದು ಹೊಸ ಸಾಲು ಸೇರಿಸಿದರೆ ದಾಖಲೆಯು ಹಳೆಯ ಜಾಗವನ್ನೇ ನೋಡುತ್ತ, ತಪ್ಪು ಸಾಲುಗಳನ್ನು ಯಾವ ಎಚ್ಚರಿಕೆಯನ್ನೂ ಕೊಡದೆ ತೋರಿಸಬಹುದು. ನನ್ನ ದೃಷ್ಟಿಯಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ, ಏಕೆಂದರೆ ಕಡಿದ ಲಿಂಕ್ ಕಣ್ಣಿಗೆ ಬೀಳುತ್ತದೆ, ಜಾರಿದ ಲಿಂಕ್ ಬೀಳುವುದಿಲ್ಲ.

ಇದಕ್ಕೆ ಪರಿಹಾರವಿದೆ. ಎಕ್ಸೆಲ್‌ನಲ್ಲಿ ಕೋಷ್ಟಕದ ಸೆಲ್‌ಗಳನ್ನು ಆಯ್ದು, ಎಡ ಮೇಲ್ತುದಿಯ ನೇಮ್ ಬಾಕ್ಸ್‌ನಲ್ಲಿ ಅದಕ್ಕೊಂದು ಹೆಸರು ಕೊಡಬೇಕು. ಬಳಿಕ ವರ್ಡ್‌ನಲ್ಲಿ ಫೀಲ್ಡ್‌ನ ಒಳರೂಪ ತೆರೆದು, ಸಾಲು ಕಾಲಮ್‌ಗಳ ಉಲ್ಲೇಖದ ಜಾಗದಲ್ಲಿ ಆ ಹೆಸರನ್ನು ಬರೆದು ಎಫ್9 ಒತ್ತಬೇಕು. ಹೆಸರು ಕೊಟ್ಟ ಜಾಗದ ನಡುವೆ ಸಾಲು ಸೇರಿಸಿದರೆ ಎಕ್ಸೆಲ್ ಆ ಹೆಸರಿನ ವ್ಯಾಪ್ತಿಯನ್ನು ತಾನೇ ಹಿಗ್ಗಿಸುತ್ತದೆ, ದಾಖಲೆಯೂ ಅದನ್ನು ಅನುಸರಿಸುತ್ತದೆ.

ಲಿಂಕ್ ಇರುವ ದಾಖಲೆಯನ್ನು ಬೇರೆಯವರಿಗೆ ಕಳುಹಿಸಬಹುದೇ?

ಕಳುಹಿಸುವ ಮೊದಲು ಲಿಂಕ್ ಬಿಡಿಸುವುದು ಒಳ್ಳೆಯದು. ಅವರ ಕಂಪ್ಯೂಟರ್‌ನಲ್ಲಿ ಮೂಲ ಫೈಲ್ ಇರುವುದಿಲ್ಲ. ಮೇಲಾಗಿ ನಮ್ಮ ಫೋಲ್ಡರ್‌ಗಳ ಹೆಸರುಗಳು ಅವರಿಗೆ ಕಾಣುತ್ತವೆ. ದಾಖಲೆಯ ಒಂದು ಪ್ರತಿ ಮಾಡಿಕೊಂಡು, ಆ ಪ್ರತಿಯಲ್ಲಿ ಕೋಷ್ಟಕವನ್ನು ಆಯ್ದು ಕಂಟ್ರೋಲ್, ಶಿಫ್ಟ್ ಮತ್ತು ಎಫ್9 ಒತ್ತಿದರೆ ಅದು ಆ ಕ್ಷಣದ ಅಂಕಿಗಳೊಂದಿಗೆ ಸಾಮಾನ್ಯ ಕೋಷ್ಟಕವಾಗಿ ನಿಲ್ಲುತ್ತದೆ. ಎಲ್ಲ ಲಿಂಕ್‌ಗಳನ್ನು ಒಟ್ಟಿಗೆ ನೋಡಲು ಫೈಲ್ ವಿಭಾಗದ ಇನ್ಫೋ ಪುಟದಲ್ಲಿ ಎಡಿಟ್ ಲಿಂಕ್ಸ್ ಟು ಫೈಲ್ಸ್ ಎಂಬ ಆಯ್ಕೆ ಇದೆ. ಮೂಲ ಫೈಲ್‌ನ ಜಾಗ ಬದಲಾಗಿದ್ದರೆ ಹೊಸ ವಿಳಾಸವನ್ನು ತೋರಿಸುವುದೂ ಅಲ್ಲಿಯೇ.

ಎಕ್ಸೆಲ್ ವಸ್ತುವಾಗಿ ಅಂಟಿಸುವುದರಲ್ಲಿ ಏನು ಅನುಕೂಲ, ಏನು ಅಪಾಯ?

ಪೇಸ್ಟ್ ಸ್ಪೆಷಲ್‌ನಲ್ಲಿ ಮೈಕ್ರೋಸಾಫ್ಟ್ ಎಕ್ಸೆಲ್ ವರ್ಕ್‌ಶೀಟ್ ಆಬ್ಜೆಕ್ಟ್ ಆರಿಸಿದರೆ ಕೋಷ್ಟಕವು ವರ್ಡ್‌ನೊಳಗೆ ಕುಳಿತ ಎಕ್ಸೆಲ್ ಆಗುತ್ತದೆ. ಎರಡು ಬಾರಿ ಕ್ಲಿಕ್ ಮಾಡಿದರೆ ಸೂತ್ರಗಳ ಸಮೇತ ತೆರೆದುಕೊಳ್ಳುತ್ತದೆ. ಮೂಲ ಫೈಲ್ ಬೇಕಾಗಿಲ್ಲ ಎಂಬುದು ಅನುಕೂಲ.

ಅಪಾಯವೂ ಅಲ್ಲಿಯೇ ಇದೆ. ಒಳಗೆ ಹೋಗುವುದು ಆಯ್ದ ಸೆಲ್‌ಗಳಷ್ಟೇ ಅಲ್ಲ, ಇಡೀ ವರ್ಕ್‌ಬುಕ್. ನಾವು ಆರು ಸಾಲಿನ ಸಾರಾಂಶವನ್ನು ಅಂಟಿಸಿದ್ದೇವೆಂದು ತಿಳಿದಿರುತ್ತೇವೆ. ಪಡೆದವರು ಎರಡು ಬಾರಿ ಕ್ಲಿಕ್ ಮಾಡಿದರೆ ಎಲ್ಲರ ಹೆಸರು, ವೇತನ, ಅಂಕಗಳಿರುವ ಉಳಿದ ಹಾಳೆಗಳೂ ಅವರ ಮುಂದೆ ತೆರೆದುಕೊಳ್ಳುತ್ತವೆ. ನನ್ನ ಪರಿಶೀಲನೆಗೆ ಬಂದ ಒಂದು ಕರಡಿನಲ್ಲಿ ಹೀಗೆಯೇ ಆಗಿತ್ತು, ಅದು ಹೊರಹೋಗುವ ಮುನ್ನ ಗಮನಕ್ಕೆ ಬಂದದ್ದು ಪುಣ್ಯ. ಅಂದಿನಿಂದ ಹೊರಗಿನವರಿಗೆ ಹೋಗುವ ದಾಖಲೆಯಲ್ಲಿ ನಾನು ಈ ವಿಧಾನವನ್ನು ಬಳಸುವುದಿಲ್ಲ, ಬಳಸಬೇಡಿರೆಂದೇ ಹೇಳುತ್ತೇನೆ. ಬಳಸಲೇಬೇಕಾದರೆ ಬೇಕಾದ ಸೆಲ್‌ಗಳನ್ನು ಹೊಸ ವರ್ಕ್‌ಬುಕ್‌ಗೆ ಬೆಲೆಗಳಾಗಿ ಅಂಟಿಸಿ, ಅಲ್ಲಿಂದ ಕಾಪಿ ಮಾಡಬೇಕು. ಎರಡು ಪುಟದ ಪತ್ರದ ಫೈಲ್ ಗಾತ್ರ ಕಾರಣವಿಲ್ಲದೆ ಹಲವು ಮೆಗಾಬೈಟ್‌ಗೆ ಏರಿದ್ದರೆ ಇಂಥ ವಸ್ತುವೊಂದು ಒಳಗಿದೆಯೇ ಎಂದು ನೋಡಬೇಕು.

ಚಿತ್ರವಾಗಿ ಅಂಟಿಸುವುದು ಯಾವಾಗ ಸರಿ?

ಯಾರೂ ಅಂಕಿಗಳನ್ನು ತಿದ್ದಬಾರದೆಂದಿದ್ದಾಗ, ಅಥವಾ ಸೆಲ್‌ನೊಳಗಿನ ಡೇಟಾ ಬಾರ್, ಐಕಾನ್‌ಗಳಂಥ ಅಲಂಕಾರಗಳು ಇದ್ದಂತೆಯೇ ಬರಬೇಕಾದಾಗ. ಚುಕ್ಕೆಗಳಿಂದಾದ ಬಿಟ್‌ಮ್ಯಾಪ್ ಚಿತ್ರಕ್ಕಿಂತ ಎನ್‌ಹ್ಯಾನ್ಸ್‌ಡ್ ಮೆಟಾಫೈಲ್ ರೂಪ ಉತ್ತಮ, ಹಿಗ್ಗಿಸಿದರೂ ಅಕ್ಷರಗಳು ಮಸುಕಾಗುವುದಿಲ್ಲ. ಆದರೆ ಚಿತ್ರದೊಳಗಿನ ಅಂಕಿಗಳನ್ನು ಹುಡುಕಲಾಗದು, ದೃಷ್ಟಿದೋಷವಿರುವವರು ಬಳಸುವ ಸ್ಕ್ರೀನ್ ರೀಡರ್ ಅವನ್ನು ಓದಲಾರದು. ಚಿತ್ರ ಬಳಸಿದರೆ ಅದಕ್ಕೆ ಆಲ್ಟ್ ಟೆಕ್ಸ್ಟ್ (ಸ್ಕ್ರೀನ್ ರೀಡರ್ ಓದಬಲ್ಲ ವಿವರಣೆ) ಬರೆಯುವುದು ಸೌಜನ್ಯವಲ್ಲ, ಕರ್ತವ್ಯ.

ಕನ್ನಡ ಪಠ್ಯವಿರುವ ಕೋಷ್ಟಕ ಅಂಟಿಸಿದಾಗ ಅಕ್ಷರಗಳು ಕೆಡುತ್ತವೆ. ಪರಿಹಾರವೇನು?

ಹಾಳೆಯು ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತವಿರುವ ಯೂನಿಕೋಡ್‌ನಲ್ಲಿದೆಯೇ, ಹಳೆಯ ಫಾಂಟ್ ಸಂಕೇತದಲ್ಲಿದೆಯೇ ಎಂದು ಮೊದಲು ನೋಡಬೇಕು. ಹಳೆಯ ಪದ್ಧತಿಯ ಫಾಂಟ್‌ಗಳಲ್ಲಿ ಒಳಗಿರುವುದು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಕನ್ನಡವಾಗಿ ಕಾಣಿಸುವುದು ಫಾಂಟ್. ಪಠ್ಯವನ್ನು ಮಾತ್ರ ಅಂಟಿಸಿದಾಗ ಅಥವಾ ವರ್ಡ್‌ನ ಶೈಲಿಯನ್ನು ಹೇರಿದಾಗ ಫಾಂಟ್ ಕಳಚಿಹೋಗಿ ಅರ್ಥವಾಗದ ಗುರುತುಗಳು ಉಳಿಯುತ್ತವೆ. ಮೂಲದ ವಿನ್ಯಾಸದೊಂದಿಗೆ ಅಂಟಿಸಿದರೆ ತತ್ಕಾಲಕ್ಕೆ ಸರಿಹೋಗುತ್ತದೆ. ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಶಾಶ್ವತವಾದ ದಾರಿ.

ಯೂನಿಕೋಡ್ ಪಠ್ಯದಲ್ಲಿ ಇನ್ನೊಂದು ತೊಂದರೆ ಇದೆ. ಒತ್ತಕ್ಷರಗಳು ಸಾಲಿನ ಕೆಳಕ್ಕೆ ಇಳಿಯುವುದರಿಂದ, ಸಾಲಿನ ಎತ್ತರವನ್ನು ಎಕ್ಸಾಕ್ಟ್‌ಲಿ ಎಂದು ನಿಗದಿ ಮಾಡಿದ್ದರೆ ಅವುಗಳ ತಳ ಕತ್ತರಿಸಿಹೋಗುತ್ತದೆ. ಟೇಬಲ್ ಪ್ರಾಪರ್ಟೀಸ್‌ನಲ್ಲಿ ಅದನ್ನು ಆ್ಯಟ್ ಲೀಸ್ಟ್ ಎಂದು ಬದಲಿಸಬೇಕು. ಗಾತ್ರ ಬದಲಿಸಿದರೂ ಕನ್ನಡ ಅಕ್ಷರ ಬದಲಾಗದಿದ್ದರೆ ಫಾಂಟ್ ಡೈಲಾಗ್‌ನ ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್ ಭಾಗವನ್ನು ನೋಡಬೇಕು. ವರ್ಡ್ ಕನ್ನಡದ ಫಾಂಟ್ ಮತ್ತು ಗಾತ್ರವನ್ನು ಅಲ್ಲಿ ಪ್ರತ್ಯೇಕವಾಗಿ ಇಟ್ಟುಕೊಳ್ಳುತ್ತದೆ.

ಲಿಬ್ರೆಆಫೀಸ್ ಮತ್ತು ಗೂಗಲ್ ಡಾಕ್ಸ್‌ನಲ್ಲಿ ಹೇಗೆ?

ಲಿಬ್ರೆಆಫೀಸ್ ಕ್ಯಾಲ್ಕ್‌ನಿಂದ ರೈಟರ್‌ಗೆ ನೇರವಾಗಿ ಅಂಟಿಸಿದರೆ ಹಲವು ಆವೃತ್ತಿಗಳಲ್ಲಿ ಅದು ವಸ್ತುವಾಗಿ ಕೂರುತ್ತದೆ. ತಿದ್ದಬಲ್ಲ ಕೋಷ್ಟಕ ಬೇಕೆಂದರೆ ಕಂಟ್ರೋಲ್, ಶಿಫ್ಟ್ ಮತ್ತು ವಿ ಒತ್ತಿ, ಪಟ್ಟಿಯಿಂದ ಆರ್‌ಟಿಎಫ್ ಅಥವಾ ಎಚ್‌ಟಿಎಂಎಲ್ ರೂಪವನ್ನು ಆರಿಸಬೇಕು. ಸಂಪರ್ಕ ಉಳಿಸಿಕೊಳ್ಳಲು ಅದೇ ಪಟ್ಟಿಯಲ್ಲಿ ಡಿಡಿಇ ಲಿಂಕ್ ಎಂಬ ಆಯ್ಕೆ ಇದೆ. ಗೂಗಲ್ ಶೀಟ್ಸ್‌ನಿಂದ ಡಾಕ್ಸ್‌ಗೆ ಅಂಟಿಸುವಾಗ ಲಿಂಕ್ ಬೇಕೇ ಬೇಡವೇ ಎಂದು ಅದೇ ಕೇಳುತ್ತದೆ. ಲಿಂಕ್ ಆರಿಸಿದರೂ ಬದಲಾವಣೆ ತಾನಾಗಿ ಬರುವುದಿಲ್ಲ. ಮೂಲ ಬದಲಾದಾಗ ಕೋಷ್ಟಕದ ಮೇಲೆ ಕಾಣುವ ಅಪ್‌ಡೇಟ್ ಗುಂಡಿಯನ್ನು ಒತ್ತಬೇಕು.

ವರ್ಡ್‌ನಿಂದ ಎಕ್ಸೆಲ್‌ಗೆ ವಾಪಸು ತರುವಾಗ ಏನನ್ನು ಗಮನಿಸಬೇಕು?

ಎಕ್ಸೆಲ್ ಸಂಖ್ಯೆಯಂತೆ ಕಾಣುವುದನ್ನೆಲ್ಲ ಸಂಖ್ಯೆಯೆಂದೇ ತಿಳಿಯುತ್ತದೆ. ಮೊದಲಿಗೆ ಸೊನ್ನೆ ಇರುವ ಕ್ರಮಸಂಖ್ಯೆಗಳಲ್ಲಿ ಆ ಸೊನ್ನೆ ಹೋಗುತ್ತದೆ. ಎಕ್ಸೆಲ್ 15 ಅಂಕಿಗಳವರೆಗೆ ಮಾತ್ರ ನಿಖರವಾಗಿ ಹಿಡಿದಿಡುವುದರಿಂದ 16 ಅಂಕಿಗಳ ಗುರುತುಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ, ಆಮೇಲೆ ಫಾರ್ಮ್ಯಾಟ್ ಬದಲಿಸಿದರೂ ಅದು ಮರಳುವುದಿಲ್ಲ. ಆದ್ದರಿಂದ ಅಂಟಿಸುವ ಮೊದಲೇ ಆ ಕಾಲಮ್‌ಗಳನ್ನು ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಮಾಡಿ, ಮ್ಯಾಚ್ ಡೆಸ್ಟಿನೇಶನ್ ಫಾರ್ಮ್ಯಾಟಿಂಗ್ ಆಯ್ಕೆಯಿಂದ ಅಂಟಿಸಬೇಕು. ವರ್ಡ್‌ನ ಒಂದೇ ಸೆಲ್‌ನಲ್ಲಿ ಎಂಟರ್ ಒತ್ತಿ ಬರೆದ ಎರಡು ಪ್ಯಾರಾಗಳು ಎಕ್ಸೆಲ್‌ನಲ್ಲಿ ಎರಡು ಸಾಲುಗಳಾಗಿ ಒಡೆಯುತ್ತವೆ. ಕಾಪಿ ಮಾಡುವ ಮೊದಲು ವರ್ಡ್‌ನ ರಿಪ್ಲೇಸ್ ಸೌಲಭ್ಯದಿಂದ ಆ ಪ್ಯಾರಾ ಗುರುತುಗಳನ್ನು ಅಪರೂಪದ ಒಂದು ಚಿಹ್ನೆಯಾಗಿ ಬದಲಿಸಿ, ಎಕ್ಸೆಲ್‌ಗೆ ತಂದ ಮೇಲೆ ಅಲ್ಲಿನ ರಿಪ್ಲೇಸ್‌ನಲ್ಲಿ ಆ ಚಿಹ್ನೆಯ ಬದಲಿಗೆ ಕಂಟ್ರೋಲ್ ಮತ್ತು ಜೆ ಒತ್ತಿ ಸಾಲುಮುರಿತವನ್ನು ತುಂಬಿದರೆ ಪಠ್ಯ ಒಂದೇ ಸೆಲ್‌ನಲ್ಲಿ ಮೊದಲಿನಂತೆ ನಿಲ್ಲುತ್ತದೆ.